ಸಂಚಿ ಹೊನ್ನಮ್ಮನ ಅವಧಾನ

ಆಕಾಶವಾಣಿಯ ಗೆಳೆಯರೊಬ್ಬರು ಫೋನು ಮಾಡಿ, "ಏಕಾಗ್ರತೆಯ ವಿಷಯವಾಗಿ ಒಂದು ಭಾಷಣ ಬೇಕಾಗಿದೆ ಮೇಷ್ಟ್ರೇ, ಚರಿತ್ರೆಯ ಕಡೆಯಿಂದ ಬಂದರೆ ಒಳ್ಳೆಯದು" ಎಂದರು. ಆಗಲಿ ಎಂದು ಒಪ್ಪಿಕೊಂಡು ಅಡಿಗೆಮನೆಗೆ ಬಂದು ನೋಡುತ್ತೇನೆ, ಒಲೆಯ ಮೇಲಿಟ್ಟಿದ್ದ ಹಾಲು ಉಕ್ಕಿ ಕಟ್ಟೆಯ ಮೇಲೆಲ್ಲ ಹರಿದಿದೆ. ಆ ವಾರದಲ್ಲಿ ಅದು ಮೂರನೆಯ ಸಲ. ಏಕಾಗ್ರತೆಯ ಮೇಲೆ ಮಾತನಾಡಲು ನನಗಿಂತ ಅಯೋಗ್ಯನಾದವನು ಈ ಸೀಮೆಯಲ್ಲಿ ಸಿಕ್ಕುವುದು ಕಷ್ಟವೆಂದು ನನ್ನ ಮನೆಯವರ ಅಭಿಪ್ರಾಯ. ಅಭಿಪ್ರಾಯ ಸರಿಯೇ ಇರಬಹುದು. ಆದರೆ ಹಾಲು ಉಕ್ಕಿದ ಆ ಹೊತ್ತಿನಲ್ಲಿ ನನ್ನ ಮನಸ್ಸು ಎಲ್ಲಿಯೂ ಇರಲಿಲ್ಲವೆಂದಲ್ಲ. ಅದು ಬೇರೊಂದು ಕಡೆ ಇತ್ತು. ಅದು ಎಲ್ಲಿತ್ತು, ಹೇಗೆ ಹೋಯಿತು, ಹಿಂದಿರುಗಿ ಬರುವುದಕ್ಕೆ ಏಕೆ ತಡವಾಯಿತು ಎಂಬುದೇ ಈ ಮಾತಿಗೆ ಕಾರಣ.

ಮೊದಲು ಮಾತುಗಳನ್ನೇ ನೋಡೋಣ. ಕನ್ನಡದ ಅಧ್ಯಾಪಕನಿಗೆ ಬೇರೆ ದಾರಿ ತಿಳಿಯದು. ಏಕಾಗ್ರತೆ ಎಂದರೆ ಒಂದೇ ತುದಿ, ಯೋಗಶಾಸ್ತ್ರದವರ ಮಾತು. ನಾವು ದಿನಬಳಕೆಯಲ್ಲಿ ಹೇಳುವುದು 'ಗಮನ'. ಗಮನವೆಂದರೆ ಹೋಗುವುದು. ಗಮನ ಕೊಡು, ಗಮನವಿಟ್ಟು ಕೇಳು ಎನ್ನುವಾಗ ಮನಸ್ಸು ನಿಂತಿರಬೇಕೆಂದು ನಾವು ಬಯಸುತ್ತೇವೆ. ಮಾತು ಮಾತ್ರ ಅದು ನಡೆಯುವ ವಸ್ತುವೆಂದು ಹೇಳುತ್ತದೆ. ಇದಕ್ಕಿಂತ ವಿನೋದವಾದದ್ದು 'ಪರಾಕು'. ಮೂಲದಲ್ಲಿ ಆ ಮಾತಿಗೆ ಮುಖ ಬೇರೆ ಕಡೆಗೆ ತಿರುಗಿರುವುದು, ಎಂದರೆ ಅನ್ಯಮನಸ್ಕತೆ ಎಂಬ ಅರ್ಥವಿದೆ. ಅರಮನೆಯ ಹೊಗಳುಭಟರು "ಬಹುಪರಾಕ್" ಎಂದು ಕೂಗುವಾಗ ಅದೇ ಮಾತು ಎಚ್ಚರಿಕೆಯ ಮಾತಾಗುತ್ತದೆ. ಮನಸ್ಸು ಬೇರೆಡೆಗೆ ಹೋಗುವುದಕ್ಕೂ ಅದನ್ನು ಕರೆದು ತರುವುದಕ್ಕೂ ನಮ್ಮ ಹಿಂದಿನವರು ಒಂದೇ ಪದವನ್ನು ಇಟ್ಟುಕೊಂಡರು. ಇವೆರಡೂ ಒಂದೇ ಕೆಲಸದ ಎರಡು ಮುಖಗಳೆಂದು ಅವರಿಗೆ ತೋರಿದ್ದರೆ ಆಶ್ಚರ್ಯವಿಲ್ಲ.

ಮೂರನೆಯ ಮಾತು 'ಅವಧಾನ'. ಇದೂ ಎಚ್ಚರದ ಗಮನವೇ. ಆದರೆ ಅಷ್ಟಾವಧಾನ, ಶತಾವಧಾನ ಎಂದಾಗ ಇದು ಒಂದು ಕಲೆಯ ಹೆಸರು. ಇದನ್ನು ಕಣ್ಣಾರೆ ಕಾಣದವರು, ಅವಧಾನಿ ಒಂದೇ ಸಮಯದಲ್ಲಿ ಎಂಟು ಕೆಲಸಗಳನ್ನು ಮಾಡುತ್ತಾನೆಂದು ತಿಳಿದಿರುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಎಂ.ಎ. ಓದುವ ಕಾಲದಲ್ಲಿ ಛಂದಸ್ಸಿನ ಪರೀಕ್ಷೆಗೆ ಅವಧಾನದ ಲಕ್ಷಣವನ್ನು ಬರೆದು ಅಂಕ ಪಡೆದವನು ಮೊದಲ ಬಾರಿ ಸಭೆಯಲ್ಲಿ ಕುಳಿತು ಅಷ್ಟಾವಧಾನ ನೋಡಿದ್ದು ಕೆಲಸಕ್ಕೆ ಸೇರಿದ ಮೇಲೆ.

ವೇದಿಕೆಯ ನಡುವೆ ಅವಧಾನಿ. ಸುತ್ತ ಎಂಟು ಮಂದಿ ಪೃಚ್ಛಕರು. ಒಬ್ಬರು ಸಮಸ್ಯೆಯನ್ನು ಕೊಡುತ್ತಾರೆ: ಅಸಂಬದ್ಧವೆಂದು ತೋರುವ ಒಂದು ಕೊನೆಯ ಸಾಲು, ಅದಕ್ಕೆ ಮುಂಚಿನ ಮೂರು ಸಾಲುಗಳನ್ನು ಕಟ್ಟಿ ಅರ್ಥ ಹೊಂದಿಸಬೇಕು. ಇನ್ನೊಬ್ಬರು ದತ್ತಪದಿಯವರು, ಸಂಬಂಧವಿಲ್ಲದ ನಾಲ್ಕು ಪದಗಳನ್ನು ಕೊಟ್ಟು ಒಂದೊಂದು ಪಾದದಲ್ಲಿ ಒಂದೊಂದನ್ನು ಸೇರಿಸಿರೆನ್ನುವವರು. ನಿಷೇಧಾಕ್ಷರಿಯವರು ಅವಧಾನಿಯ ಬಾಯಿಂದ ಒಂದು ಅಕ್ಷರ ಹೊರಟೊಡನೆ ಮುಂದೆ ಬರಬಹುದಾದ ಅಕ್ಷರವನ್ನು ಊಹಿಸಿ ಅದಕ್ಕೆ ತಡೆ ಹಾಕುತ್ತಾರೆ. ಆಶುಕವಿತೆ, ಚಿತ್ರಕಾವ್ಯ, ಕಾವ್ಯವಾಚನ, ಸಂಖ್ಯಾಬಂಧ, ಹೀಗೆ ಉಳಿದವು. ಎಲ್ಲರಿಗಿಂತ ಸಭೆಗೆ ಪ್ರಿಯನಾದವನು ಅಪ್ರಸ್ತುತ ಪ್ರಸಂಗಿ. ಅವನ ಕೆಲಸ ಅಡ್ಡಮಾತು. ಅವಧಾನಿ ಪದ್ಯದ ಪಾದವೊಂದನ್ನು ನೇಯುತ್ತಿರುವಾಗಲೇ, "ಸ್ವಾಮಿ, ಇವತ್ತು ಊಟಕ್ಕೆ ಏನು ಮಾಡಿಸಿದ್ದಾರೆ?" ಎಂದು ಕೇಳುವುದು. ಅದಕ್ಕೂ ಸರಸವಾದ ಉತ್ತರ ಬರಬೇಕು. ಕೆಲವು ಕಡೆ ನಡುನಡುವೆ ಗಂಟೆಯನ್ನೂ ಬಾರಿಸುತ್ತಾರೆ. ಎಷ್ಟು ಸಲ ಬಾರಿಸಿತೆಂದು ಕೊನೆಗೆ ಅವಧಾನಿ ಹೇಳಬೇಕು. ಕಾಗದವಿಲ್ಲ, ಲೇಖನಿಯಿಲ್ಲ.

ನಾನು ಗಮನಿಸಿದ್ದು ಇಷ್ಟು. ಅವಧಾನಿ ಎಂಟನ್ನೂ ಒಟ್ಟಿಗೆ ಮಾಡುವುದಿಲ್ಲ. ಸಮಸ್ಯೆಯವರಿಗೆ ಮೊದಲ ಸುತ್ತಿನಲ್ಲಿ ಒಂದೇ ಪಾದ ಹೇಳಿ ನಿಲ್ಲಿಸುತ್ತಾನೆ, ದತ್ತಪದಿಯವರ ಕಡೆಗೆ ತಿರುಗುತ್ತಾನೆ. ಅಲ್ಲಿಯೂ ಒಂದು ಪಾದ. ಎರಡನೆಯ ಸುತ್ತಿಗೆ ಬಂದಾಗ ಪೃಚ್ಛಕರು ಮೊದಲ ಪಾದವನ್ನು ಜ್ಞಾಪಿಸುವುದಿಲ್ಲ, ಅವನೂ ಕೇಳುವುದಿಲ್ಲ. ಬಿಟ್ಟ ಜಾಗದಿಂದಲೇ ಎತ್ತಿಕೊಳ್ಳುತ್ತಾನೆ. ನಾಲ್ಕು ಸುತ್ತು ಮುಗಿದು ಪೂರಣವಾದ ಮೇಲೆ ಧಾರಣ: ಎಲ್ಲ ಪದ್ಯಗಳನ್ನೂ ಆದಿಯಿಂದ ಅಂತ್ಯದವರೆಗೆ ಒಪ್ಪಿಸುವುದು. ಈ ವಿದ್ಯೆಯ ಮರ್ಮ ಹಿಡಿದುಕೊಳ್ಳುವುದರಲ್ಲಿ ಇರುವಷ್ಟೇ ಬಿಡುವುದರಲ್ಲಿಯೂ ಇದೆ. ಅಪ್ರಸ್ತುತ ಪ್ರಸಂಗಿಗೆ ಉತ್ತರ ಕೊಡುವಾಗ ಅವಧಾನಿಯ ಮುಖದಲ್ಲಿ ಅರೆಬರೆ ಪದ್ಯದ ಚಿಂತೆಯ ಗೆರೆ ಒಂದೂ ಇರಲಿಲ್ಲ. ನಕ್ಕರೆ ಪೂರ್ತಿ ನಗು.

ತೆಲುಗಿನಲ್ಲಿ ತಿರುಪತಿ ವೆಂಕಟ ಕವಿಗಳ ಜೋಡಿ ಈ ಕಲೆಯನ್ನು ಊರೂರಿಗೆ ಒಯ್ದಿತು. ನಮ್ಮಲ್ಲಿ ಬೆಳ್ಳಾವೆ ನರಹರಿಶಾಸ್ತ್ರಿಗಳು ಕನ್ನಡದಲ್ಲಿ ಅಷ್ಟಾವಧಾನಗಳನ್ನು ನಡೆಸಿದರು. ಆಮೇಲೆ ದೀರ್ಘವಾದ ಮೌನ. 1981ರಲ್ಲಿ, ಇನ್ನೂ ಇಪ್ಪತ್ತು ತುಂಬದ ವಯಸ್ಸಿನಲ್ಲಿ, ಕೋಲಾರದ ರಾ. ಗಣೇಶರು ಅವಧಾನಕ್ಕೆ ಕುಳಿತರು, 1991ರಲ್ಲಿ ಶತಾವಧಾನವಾಯಿತು, 2012ರಲ್ಲಿ ಬೆಂಗಳೂರಿನಲ್ಲಿ ಮೂರು ದಿನ ನಡೆದ ಶತಾವಧಾನ ಅಚ್ಚ ಕನ್ನಡದ ಸಭೆಯಾಗಿತ್ತು. ಸಾವಿರಕ್ಕೂ ಮಿಕ್ಕಿದ ಅವಧಾನಗಳನ್ನು ಅವರು ಮಾಡಿದ್ದಾರೆ. ಕನ್ನಡದಲ್ಲಿ ಈ ಕಲೆ ಇಂದು ಜೀವಂತವಾಗಿದೆಯೆಂದರೆ ಅದರ ಬಹುಪಾಲು ಋಣ ಅವರೊಬ್ಬರದು.

ಆದರೂ ಅವಧಾನದ ಕಥೆಗಳಲ್ಲೆಲ್ಲ ನನಗೆ ಪ್ರಿಯವಾದದ್ದು ಸಭೆಯಲ್ಲಿ ನಡೆದದ್ದಲ್ಲ, ಅಂಗಡಿಯಲ್ಲಿ ನಡೆದದ್ದು. ಗುಜರಾತಿನ ಶ್ರೀಮದ್ ರಾಜಚಂದ್ರರು 1887ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಮುಂಬಯಿಯಲ್ಲಿ ಶತಾವಧಾನ ಮಾಡಿ ಹೆಸರಾದರು. ಆಮೇಲೆ ಅಂಥ ಪ್ರದರ್ಶನಗಳನ್ನೇ ಬಿಟ್ಟುಬಿಟ್ಟರು. 1891ರಲ್ಲಿ ಇಂಗ್ಲೆಂಡಿನಿಂದ ಮರಳಿದ ಗಾಂಧೀಜಿ ಅವರನ್ನು ಕಂಡರು. ತಮಗೆ ಗೊತ್ತಿದ್ದ ಯುರೋಪಿನ ಭಾಷೆಗಳ ಪದಗಳನ್ನೆಲ್ಲ ಬರೆದು ಓದಿದರಂತೆ. ರಾಜಚಂದ್ರರು ಅವನ್ನೆಲ್ಲ ಅದೇ ಕ್ರಮದಲ್ಲಿ ತಿರುಗಿ ಹೇಳಿದರು. ಗಾಂಧೀಜಿಗೆ ಇದರಿಂದ ಬೆರಗಾಯಿತು, ಮರುಳಾಗಲಿಲ್ಲ. ಅವರ ಮನಸ್ಸನ್ನು ಗೆದ್ದದ್ದು ಬೇರೆ: ಮುತ್ತು ವಜ್ರಗಳ ದೊಡ್ಡ ವ್ಯಾಪಾರದ ಮಾತು ಮುಗಿದ ಮರುಗಳಿಗೆಯಲ್ಲಿ ರಾಜಚಂದ್ರರು ಅದೇ ಗಾದಿಯ ಮೇಲೆ, ಪಕ್ಕದಲ್ಲೇ ಇರುತ್ತಿದ್ದ ಧರ್ಮಗ್ರಂಥವನ್ನೋ ದಿನಚರಿಯನ್ನೋ ತೆರೆದು ಬರೆಯತೊಡಗುತ್ತಿದ್ದರು. ಇದನ್ನು ಗಾಂಧೀಜಿ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ನೂರು ಪೃಚ್ಛಕರ ನಡುವಿನ ಅವಧಾನಕ್ಕಿಂತ ಲೆಕ್ಕದ ಪುಸ್ತಕದಿಂದ ದಿನಚರಿಗೆ ಹಾಯುವ ಈ ಅವಧಾನ ದೊಡ್ಡದೆಂದು ನನಗೂ ತೋರುತ್ತದೆ.

ಇನ್ನು ನಮ್ಮ ಸೀಮೆಗೆ ಬರುತ್ತೇನೆ. ನಾನು ಹುಟ್ಟಿದ್ದು, ನಿವೃತ್ತಿಯಾದ ಮೇಲೆ ಬಂದು ನೆಲೆಸಿರುವುದು ಸತ್ತೇಗಾಲದಲ್ಲಿ. ನಮ್ಮೂರಿನ ಬಳಿ ಕಾವೇರಿ ಎರಡಾಗಿ ಕವಲೊಡೆದು, ನಡುವೆ ಶಿವನಸಮುದ್ರದ ನಡುಗಡ್ಡೆಯನ್ನು ಬಿಟ್ಟು, ಒಂದು ಕಡೆ ಗಗನಚುಕ್ಕಿಯಾಗಿಯೂ ಇನ್ನೊಂದು ಕಡೆ ಭರಚುಕ್ಕಿಯಾಗಿಯೂ ಧುಮುಕಿ, ಕೆಳಗೆ ಮತ್ತೆ ಕೂಡಿಕೊಳ್ಳುತ್ತದೆ. ಆ ನೀರಿನಿಂದ ವಿದ್ಯುತ್ತು ಹುಟ್ಟಿಸಿ 1902ರಲ್ಲಿ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ಸಾಗಿಸಿದರು. ಕೂಗಳತೆಯಲ್ಲಿದ್ದ ನಾವು ಲಾಂದ್ರದ ಬೆಳಕಿನಲ್ಲೇ ಓದಿದೆವು. ಅಂದು ಹೊಳೆಯ ಆಚೆಗೆ ಮೈಸೂರು ಸಂಸ್ಥಾನ, ಈಚೆಗೆ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲದವರು ಆ ಲೆಕ್ಕಕ್ಕೇ ಸೇರಿದವರು. ಆದರೆ ಪಕ್ಕದ ಯಳಂದೂರು ಮೈಸೂರಿನದು. ಇದು ನೆನಪಿನಲ್ಲಿರಲಿ, ಏಕೆಂದರೆ ನನ್ನ ಕಥೆಯ ನಾಯಕಿ ಯಳಂದೂರಿನವಳು.

ಯಳಂದೂರು ಚಿಕ್ಕ ಊರು. ಅಲ್ಲಿನ ಗೌರೀಶ್ವರ ದೇವಾಲಯದ ಬಳೆಮಂಟಪದಲ್ಲಿ ಕಲ್ಲಿನಲ್ಲೇ ಕಡೆದ ಬಳೆಗಳ ಸರಪಳಿಯನ್ನು ನೋಡಲು ಈಗಲೂ ಜನ ಬರುತ್ತಾರೆ. ಊರು ಚಿಕ್ಕದಾದರೂ ಅದಕ್ಕೂ ಮೈಸೂರಿನ ಅರಮನೆಗೂ ಇದ್ದ ನಂಟು ದೊಡ್ಡದು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಮೊದಲ ಮಂತ್ರಿ ವಿಶಾಲಾಕ್ಷ ಪಂಡಿತ ಯಳಂದೂರಿನ ಜೈನ. 'ರಾಜಶೇಖರ ವಿಳಾಸ'ದ ಷಡಕ್ಷರದೇವ ನೆಲೆಸಿದ್ದು ಯಳಂದೂರಿನಲ್ಲಿ. ಬಹಳ ಕಾಲದ ಮೇಲೆ, 1807ರಲ್ಲಿ, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದದ್ದೂ ಯಳಂದೂರೇ. ಹೈದರ್, ಟಿಪ್ಪು, ಒಡೆಯರು ಎಂಬ ಮೂರು ಆಡಳಿತಗಳ ಲೆಕ್ಕವನ್ನು ಒಂದೇ ತಲೆಯಲ್ಲಿಟ್ಟುಕೊಂಡಿದ್ದ ಆ ಮನುಷ್ಯನ ಜ್ಞಾಪಕಶಕ್ತಿಯ ಮೇಲೆ ಬೇರೆಯೇ ಒಂದು ಭಾಷಣ ಮಾಡಬಹುದು, ಇವತ್ತು ಬೇಡ.

ಚಿಕ್ಕದೇವರಾಜನ ಆಡಳಿತದಲ್ಲಿ ನಮ್ಮ ವಿಷಯಕ್ಕೆ ಸಂಬಂಧಪಟ್ಟ ಒಂದು ಸಂಗತಿಯಿದೆ. ಅವನು ಕಟ್ಟಿದ ಅಠಾರಾ ಕಚೇರಿ. ರಾಜ್ಯದ ಕೆಲಸವನ್ನು ಹದಿನೆಂಟು ಚಾವಡಿಗಳಾಗಿ ಒಡೆದು, ಒಂದೊಂದಕ್ಕೆ ಒಬ್ಬೊಬ್ಬ ಅಧಿಕಾರಿಯನ್ನು ನೇಮಿಸಿದನೆಂದು ಕರ್ನಲ್ ವಿಲ್ಕ್ಸ್ ತನ್ನ ಇತಿಹಾಸದಲ್ಲಿ ವಿವರವಾಗಿ ಬರೆದಿದ್ದಾನೆ. ಅಪ್ಪಣೆಗಳಿಗೆ ನಿರೂಪದ ಚಾವಡಿ, ಲೆಕ್ಕಕ್ಕೆ ಆಯಕಟ್ಟಿನ ಚಾವಡಿ. ಸುಂಕಕ್ಕೊಂದು, ದೇವಸ್ಥಾನಕ್ಕೊಂದು, ಕಬ್ಬಿಣಕ್ಕೊಂದು, ಹೊಗೆಸೊಪ್ಪಿಗೂ ಒಂದು. ಅರಮನೆಯ ದನಗಳಿಗಾಗಿ ಬೆಣ್ಣೆ ಚಾವಡಿ. ಅದೇ ಮುಂದೆ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಬೆಂಗಳೂರಿನ ಹೈಕೋರ್ಟಿನ ಕೆಂಪು ಕಟ್ಟಡವನ್ನು ಹಳಬರು ಈಗಲೂ ಅಠಾರಾ ಕಚೇರಿ ಎನ್ನುವುದು ಈ ಹದಿನೆಂಟರ ನೆನಪಿನಿಂದಲೇ. ಬೆಣ್ಣೆಯ ಲೆಕ್ಕ ನೋಡುವವನು ಕಬ್ಬಿಣದ ಚಿಂತೆ ಮಾಡಬೇಕಾಗಿಲ್ಲ. ಒಂದು ಮನಸ್ಸು ಹದಿನೆಂಟು ಕಡೆ ಅಲೆಯುವುದಕ್ಕೆ ಬದಲು ಹದಿನೆಂಟು ಮನಸ್ಸುಗಳನ್ನು ಒಂದೊಂದು ಕಂಬಕ್ಕೆ ಕಟ್ಟುವುದು: ಇದು ಅರಸರ ಉಪಾಯ. ಅರಸರಿಗೆ, ಅಧಿಕಾರ ಉಳ್ಳವರಿಗೆ, ಇದು ಸಲ್ಲುತ್ತದೆ.

ಅದೇ ಅರಮನೆಯಲ್ಲಿ ಈ ಉಪಾಯ ಸಲ್ಲದವಳು ಒಬ್ಬಳಿದ್ದಳು. ಯಳಂದೂರಿನಿಂದ ಹೋಗಿ, ರಾಣಿ ದೇವಾಜಮ್ಮಣ್ಣಿಯ ಸೇವೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ. ಸಂಚಿಯ ಊಳಿಗವೆಂದರೆ ಏನೆಂಬುದನ್ನು ನಾವು ಸ್ವಲ್ಪ ಯೋಚಿಸಬೇಕು. ಸಾಹಿತ್ಯ ಚರಿತ್ರೆಗಳಲ್ಲಿ ಅದನ್ನು ಒಂದು ಬಿರುದಿನಂತೆ ಬರೆದು ಮುಂದಕ್ಕೆ ಹೋಗುತ್ತಾರೆ. ಅದು ಬಿರುದಲ್ಲ, ಕೆಲಸ. ಭಾರವಾದ ಕೆಲಸವೇನಲ್ಲ, ಕಾಯುವ ಕೆಲಸ. ಎಲೆ ಬಾಡದಂತೆ ನೋಡಿಕೊಳ್ಳಬೇಕು. ಅಡಿಕೆ, ಸುಣ್ಣ, ಏಲಕ್ಕಿ, ಲವಂಗ ಯಾವುದೂ ತೀರಿರಬಾರದು. ರಾಣಿಯ ಕೈ ಚಾಚುವ ಮುನ್ನ ಮಡಿಸಿದ ಎಲೆ ಸಿದ್ಧವಾಗಿರಬೇಕು. ನೇಗಿಲು ಹಿಡಿದವನು, ಮಗ್ಗದಲ್ಲಿ ಕುಳಿತವನು ತನ್ನ ಗಮನವನ್ನು ತನ್ನ ಕೆಲಸಕ್ಕೆ ಕೊಡುತ್ತಾನೆ. ಊಳಿಗದವಳು ತನ್ನ ಗಮನವನ್ನೇ ಇನ್ನೊಬ್ಬರ ಕೈಗೆ ಕೊಟ್ಟಿರುತ್ತಾಳೆ. ಯಾವ ಗಳಿಗೆಯಲ್ಲಿ ಕರೆ ಬಂದೀತೆಂದು ತಿಳಿಯದು. ಬರಲಿಕ್ಕಿಲ್ಲವೆಂದು ಮೈಮರೆಯುವಂತೆಯೂ ಇಲ್ಲ. ಅವಧಾನದ ಸಭೆಯಲ್ಲಿ ಘಂಟಾನಾದ ಎಂಟರಲ್ಲಿ ಒಂದು. ಹೊನ್ನಮ್ಮನಿಗೆ ಇಡೀ ದಿನವೇ ಘಂಟಾನಾದ.

ಇಂಥ ದಿನಗಳ ನಡುವೆ ಆಕೆ 'ಹದಿಬದೆಯ ಧರ್ಮ'ವೆಂಬ ಒಂಬತ್ತು ಸಂಧಿಗಳ ಕಾವ್ಯವನ್ನು ಬರೆದಳು. ವಿದ್ಯಾಗುರು ಅಳಸಿಂಗಾರ್ಯ, 'ಮಿತ್ರವಿಂದಾ ಗೋವಿಂದ' ಎಂಬ ನಾಟಕವನ್ನು ಬರೆದ ಸಿಂಗರಾರ್ಯನೇ ಇವನೆಂದು ವಿದ್ವಾಂಸರ ಅಭಿಪ್ರಾಯ. ಅವನ ಅಣ್ಣ ತಿರುಮಲಾರ್ಯ, ವಿಶಾಲಾಕ್ಷ ಪಂಡಿತನ ಕೊಲೆಯಾದ ಮೇಲೆ ಮಂತ್ರಿಯಾದವನು. ಅವನೂ ಕವಿ. ಚಿಕ್ಕುಪಾಧ್ಯಾಯನೂ ಮಂತ್ರಿ, ಅವನೂ ಗ್ರಂಥಗಳ ರಾಶಿಯನ್ನೇ ಬರೆದವನು. ಆ ಆಸ್ಥಾನದಲ್ಲಿ ಎರಡು ಕೆಲಸ ಮಾಡದವರೇ ವಿರಳವೆಂದು ತೋರುತ್ತದೆ. ಆದರೆ ಮಂತ್ರಿ ಕವಿಗೆ ಬಾಗಿಲು ಮುಚ್ಚಿಕೊಳ್ಳುವ ಅಧಿಕಾರವಿತ್ತು, ಬಾಗಿಲಲ್ಲಿ ನಿಲ್ಲಿಸಲು ಆಳಿದ್ದ. ಊಳಿಗದ ಹೆಣ್ಣು ಬಾಗಿಲ ಈಚೆಯವಳು.

ಆಕೆ ಆರಿಸಿಕೊಂಡ ಛಂದಸ್ಸನ್ನು ನೋಡಿ. ಸಾಂಗತ್ಯ. ನಾಲ್ಕೇ ಪಾದಗಳು, ಒಂದನೆಯದು ಮೂರನೆಯದು ನಾಲ್ಕು ವಿಷ್ಣುಗಣಗಳ ಉದ್ದ, ಎರಡನೆಯದು ನಾಲ್ಕನೆಯದು ಎರಡು ವಿಷ್ಣುಗಣಕ್ಕೆ ಒಂದು ಬ್ರಹ್ಮಗಣ ಸೇರಿದಷ್ಟು ಮೋಟು. ನೀಳ ಸಾಲು, ಗಿಡ್ಡ ಸಾಲು. ಮತ್ತೆ ನೀಳ, ಮತ್ತೆ ಗಿಡ್ಡ. ನಾಲ್ಕನೆಯ ಪಾದಕ್ಕೆ ಬಂದಾಗ ಉಸಿರೂ ಮುಗಿಯುತ್ತದೆ, ಮಾತೂ ಮುಗಿಯುತ್ತದೆ. ಹಾಡುವ ಮಟ್ಟು, ಬರೆದುಕೊಳ್ಳದೆ ಇದ್ದರೂ ನಾಲಗೆಯ ಮೇಲೆ ನಿಲ್ಲುತ್ತದೆ. ಇದರ ಪಕ್ಕದಲ್ಲಿ ಅದೇ ಯಳಂದೂರಿನ ಷಡಕ್ಷರದೇವನ ಚಂಪುವನ್ನು ಇಡಿ: ವೃತ್ತಗಳು, ಕಂದಗಳು, ಪುಟಗಟ್ಟಲೆ ಹರಿಯುವ ಸಮಾಸಗಳ ಗದ್ಯ. ಅದನ್ನು ಬರೆಯಲು ಮಠದ ಮೌನ ಬೇಕು, ಬಗಲಲ್ಲಿ ಓಲೆಯ ಕಟ್ಟು ಬೇಕು, ಇಡೀ ಮಧ್ಯಾಹ್ನ ಬೇಕು. ಸಾಂಗತ್ಯವನ್ನು ಎಲೆಗೆ ಸುಣ್ಣ ಹಚ್ಚುವಷ್ಟರಲ್ಲಿ ಒಂದು ಪದ್ಯದಂತೆ ಕಟ್ಟಬಹುದು. ಕರೆ ಬಂದರೆ ಕೆಡುವುದು ಹೆಚ್ಚೆಂದರೆ ಎರಡು ಪಾದ.

ಇದು ನನ್ನ ಊಹೆ. ಹೊನ್ನಮ್ಮ ಹೀಗೆಯೇ ಬರೆದಳೆಂದು ಆಕೆ ಎಲ್ಲಿಯೂ ಹೇಳಿಕೊಂಡಿಲ್ಲ. ಸಾಂಗತ್ಯ ಆ ಕಾಲದಲ್ಲಿ ಎಲ್ಲರಿಗೂ ಪ್ರಿಯವಾದ ಮಟ್ಟು. ಬಿಡುವುಳ್ಳ ಗಂಡಸರೂ ಅದರಲ್ಲಿ ಬೇಕಾದಷ್ಟು ಬರೆದರು. ಆದ್ದರಿಂದ ಇದನ್ನು ಸಿದ್ಧಾಂತವೆಂದು ಯಾರೂ ಎತ್ತಿಕೊಳ್ಳಬಾರದು. ಆದರೂ ಆ ಕಾವ್ಯವನ್ನು ಓದುತ್ತ ಹೋದರೆ ಒಂದೊಂದು ಪದ್ಯವೂ ಸೆರಗಿನ ತುದಿಯಲ್ಲಿ ಕಟ್ಟಿದ ಗಂಟಿನಂತೆ ತನ್ನಷ್ಟಕ್ಕೆ ತಾನೇ ಬಿಗಿಯಾಗಿರುವುದು ಕಾಣುತ್ತದೆ. ಹೆಣ್ಣೆಂದು ಜರೆಯುವವರನ್ನು ಆಕೆ ನಿಲ್ಲಿಸಿ ಕೇಳುವ ಪ್ರಶ್ನೆ ನಮ್ಮ ಪಠ್ಯಪುಸ್ತಕಗಳಿಗೆ ಬಂದು, ಕಾವ್ಯದ ಹೆಸರನ್ನೂ ಅರಿಯದವರ ಬಾಯಲ್ಲಿ ಉಳಿದಿರುವುದಕ್ಕೆ ಆ ಬಿಗಿಯೂ ಕಾರಣ. ಕಾವ್ಯದ ಉಪದೇಶವೆಲ್ಲ ಇಂದು ನಮಗೆ ಒಪ್ಪಿತವಾಗುವಂಥದ್ದಲ್ಲ; ಪತಿಸೇವೆಯ ಪಾಠವನ್ನು ನನ್ನ ವಿದ್ಯಾರ್ಥಿನಿಯರು ತರಗತಿಯಲ್ಲಿ ಮುಖ ಗಂಟಿಕ್ಕಿಕೊಂಡೇ ಕೇಳುತ್ತಿದ್ದರು. ನಾನು ಇಲ್ಲಿ ಹೇಳುತ್ತಿರುವುದು ಉಪದೇಶದ ಮಾತಲ್ಲ, ಕಸುಬಿನ ಮಾತು.

ಇದೇ ಕಸುಬು ನಮ್ಮ ಮಹದೇಶ್ವರನ ಗುಡ್ಡರಲ್ಲಿಯೂ ಇದೆ. ಕಂಸಾಳೆಯ ತಾಳ ಕೈಯಲ್ಲಿ, ಕಥೆ ಬಾಯಲ್ಲಿ. ಇಡೀ ರಾತ್ರಿಯ ಕಥೆಯನ್ನು ಅವರು ಸಾಲುಗಳಾಗಿ ಒಡೆದಿಟ್ಟುಕೊಂಡಿರುತ್ತಾರೆ. ಸಂಕಮ್ಮನ ಸಾಲು ಮುಗಿಯಿತೆಂದರೆ ಎಲೆಅಡಿಕೆ ಹಾಕಿಕೊಳ್ಳಬಹುದು, ಕಾಣಿಕೆ ತಂದವರ ಹೆಸರು ಹಿಡಿದು ಹರಸಬಹುದು. ಮತ್ತೆ ಕಂಸಾಳೆ ಮುಟ್ಟಿದರೆ ಕಥೆ ಮುಂದಿನ ಸಾಲಿನಿಂದ ಹೊರಡುತ್ತದೆ.

ನಾನು ಈ ವಿದ್ಯೆಯನ್ನು ಮೊದಲು ಕಂಡದ್ದು ಮಾತ್ರ ನಮ್ಮ ಅವ್ವನಲ್ಲಿ. ಕೊಳ್ಳೇಗಾಲದ ಸೀಮೆ ರೇಷ್ಮೆಯ ಸೀಮೆ. ನಮ್ಮ ಮನೆಯಲ್ಲಿಯೂ ಹುಳು ಸಾಕುತ್ತಿದ್ದರು. ಮೊಟ್ಟೆಯೊಡೆದು ಬಂದ ಹುಳು ಗೂಡು ಕಟ್ಟುವವರೆಗೆ ಹೆಚ್ಚುಕಡಮೆ ಒಂದು ತಿಂಗಳು. ನಡುವೆ ನಾಲ್ಕು ಸಲ ಮೇಯುವುದನ್ನು ಬಿಟ್ಟು ತಲೆಯೆತ್ತಿ ಮಲಗುತ್ತದೆ, ಪೊರೆ ಕಳಚುತ್ತದೆ. ಅದಕ್ಕೆ ನಮ್ಮವರು ಜ್ವರವೆನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳುವಿನ ಹಸಿವನ್ನು ಕಂಡವರೇ ಬಲ್ಲರು. ರಾತ್ರಿಯ ನಿಶ್ಶಬ್ದದಲ್ಲಿ ತಟ್ಟೆಗಳಿಂದ ಸಣ್ಣ ಮಳೆಯ ಸದ್ದು ಕೇಳಿಸುತ್ತದೆ. ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು, ಹಿಕ್ಕೆ ತೆಗೆಯಬೇಕು, ಇರುವೆ ಬರದಂತೆ ನೋಡಬೇಕು, ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಒಂದು ಹೊತ್ತು ತಪ್ಪಿದರೆ ತಿಂಗಳ ದುಡಿಮೆ ಹೋಯಿತು, ಸಾಲ ಉಳಿಯಿತು. ಇದರ ನಡುವೆ ಅಡಿಗೆ, ನೀರು, ಎಮ್ಮೆ, ನಾವು ನಾಲ್ಕು ಮಕ್ಕಳು.

ರಾತ್ರಿ ಅವ್ವ ಸೊಪ್ಪು ಹೆಚ್ಚುತ್ತ ಕಥೆ ಹೇಳುತ್ತಿದ್ದಳು. ಕಥೆ ಅರ್ಧದಲ್ಲಿರುವಾಗಲೇ ಎದ್ದು ಹುಳುವಿನ ಕೋಣೆಗೆ ಹೋಗುವಳು. ಬಂದು ಕುಳಿತು, "ಎಲ್ಲಿಗ ನಿಲ್ಸಿದ್ದಿ ಕೂಸು, ಯೋಳು" ಎನ್ನುವಳು. ಅವಳಿಗೆ ಮರೆತಿದೆಯೆಂದು ನಾನು ಬಹುಕಾಲ ನಂಬಿದ್ದೆ. ಒಂದು ದಿನ ಬೇಕೆಂದೇ ತಪ್ಪು ಹೇಳಿದೆ. "ಅಲ್ಲ ಕಣ, ರಾಜಕುಮಾರ ಇನ್ನೂ ಹೊಳ ದಾಟಿಲ್ಲ" ಎಂದು ನಕ್ಕಳು. ಅವಳು ಏಳುವ ಮುನ್ನ ಕಥೆಯನ್ನು ಯಾವುದಾದರೊಂದು ಗುರುತಿನ ಬಳಿ ತಂದು ನಿಲ್ಲಿಸಿಯೇ ಏಳುತ್ತಿದ್ದಳು: ಹೊಳೆಯ ದಂಡೆ, ಆಲದ ಮರ, ಮುಚ್ಚಿದ ಬಾಗಿಲು. ಅವಸರವಿದ್ದರೂ ಆ ಒಂದು ಮಾತನ್ನು ಮುಗಿಸದೆ ಎದ್ದದ್ದನ್ನು ನಾನು ಕಾಣೆ.

ನನ್ನ ವಿಷಯ ಹೇಳುತ್ತೇನೆ, ಹೇಳಲು ಸಂಕೋಚವಿದೆ. ಮೂವತ್ತೈದು ವರ್ಷ ಪಾಠ ಹೇಳಿದ ಕಾಲದಲ್ಲೆಲ್ಲ ನನ್ನ ಏಕಾಗ್ರತೆಯ ಬಗ್ಗೆ ನನಗೆ ಹೆಮ್ಮೆಯಿತ್ತು. ಕುಳಿತರೆ ನಾಲ್ಕು ಗಂಟೆ ಏಳದವನು ಎಂದು ಸಹೋದ್ಯೋಗಿಗಳೂ ಹೇಳುತ್ತಿದ್ದರು. ಸಾಂಗತ್ಯದ ಮೇಲೆ ಒಂದು ಪುಸ್ತಕ ಬರೆಯಬೇಕೆಂದು ಟಿಪ್ಪಣಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕೂಡಿಡುತ್ತ ಬಂದೆ. ನಿವೃತ್ತಿಯಾದ ಮೇಲೆ ಬರೆಯುವುದೆಂದು ಸಂಕಲ್ಪ. ನಿವೃತ್ತಿಯಾಯಿತು. ಊರಿಗೆ ಬಂದ ಎರಡನೆಯ ವರ್ಷ ನನ್ನ ಹೆಂಡತಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾಗಿ ತಿಂಗಳುಗಟ್ಟಲೆ ಹಾಸಿಗೆಯಲ್ಲಿರಬೇಕಾಯಿತು. ಮನೆ ನನ್ನ ಕೈಗೆ ಬಂತು. ಹಾಲಿನವನು, ಗ್ಯಾಸಿನವನು, ನೀರು ಬಿಡುವ ಹೊತ್ತು, ಮಾತ್ರೆಯ ಹೊತ್ತು, ಕುಕ್ಕರಿನ ಸೀಟಿ. ಇವೆಲ್ಲದರ ಮೇಲೆ ಜೇಬಿನಲ್ಲಿ ಸದಾ ನಡುಗುವ ಮೊಬೈಲು. ಬರೆಯಲು ಕುಳಿತರೆ ಅನ್ನ ಸೀದಿತು, ಅನ್ನದ ಬಳಿ ನಿಂತರೆ ವಾಕ್ಯ ಮರೆಯಿತು. ಆರು ತಿಂಗಳಲ್ಲಿ ಒಂದು ಅಧ್ಯಾಯವೂ ಆಗಲಿಲ್ಲ. ಒಂದು ಸಂಜೆ ರೇಗಿ, "ಈ ಮನೆಯಲ್ಲಿ ಮನುಷ್ಯ ಒಂದು ಸಾಲು ಬರೆಯುವುದಕ್ಕೂ ಆಗುವುದಿಲ್ಲ" ಎಂದುಬಿಟ್ಟೆ. ಹಾಸಿಗೆಯಿಂದ ಉತ್ತರ ಬಂತು: "ಈ ಮನೆಯಲ್ಲಿ ಇಷ್ಟು ವರ್ಷ ನೀವೇ ಅಲ್ಲವೇನ್ರೀ ಬರೆದದ್ದು? ಆಗ ಹಾಲು ಯಾರು ನೋಡ್ತಿದ್ರು?"

ಉತ್ತರ ಕೊಡಲಾಗಲಿಲ್ಲ. ಅವಳೂ ಶಾಲೆಯಲ್ಲಿ ಪಾಠ ಹೇಳಿದವಳೇ. ನನ್ನ ನಾಲ್ಕು ಗಂಟೆಯ ಏಕಾಗ್ರತೆ ನನ್ನ ಸಾಧನೆಯೆಂದು ತಿಳಿದಿದ್ದೆ. ಚಿಕ್ಕದೇವರಾಜನಿಗೆ ಹದಿನೆಂಟು ಚಾವಡಿಗಳಿದ್ದಂತೆ ನನಗೆ ಹದಿನೆಂಟನ್ನೂ ಒಬ್ಬಳೇ ನಡೆಸುವವಳು ಇದ್ದಳು. ಹೊನ್ನಮ್ಮನ ಕಾವ್ಯವನ್ನು ಅಷ್ಟು ವರ್ಷ ಪಾಠ ಹೇಳಿದ್ದೆ. ಸಂಚಿಯನ್ನು ಕುರಿತು ಒಂದು ದಿನವೂ ಯೋಚಿಸಿರಲಿಲ್ಲ. ಯೋಚಿಸಿದ್ದು ಆ ಸಂಜೆಯಿಂದ.

ಮನಶ್ಶಾಸ್ತ್ರದವರು ಈ ವಿಷಯದಲ್ಲಿ ಏನು ಹೇಳುತ್ತಾರೆಂದು ಆಮೇಲೆ ಓದಿದೆ. 1927ರಲ್ಲಿ ಅಮೆರಿಕದ ಜೆರ್ಸಿಲ್ಡ್ ಎಂಬಾತ ಜನರಿಗೆ ಲೆಕ್ಕಗಳನ್ನು ಕೊಟ್ಟು, ಕೂಡುವುದನ್ನೂ ಕಳೆಯುವುದನ್ನೂ ಒಂದಾದ ಮೇಲೆ ಒಂದರಂತೆ ಬದಲಿಸಿ ಮಾಡಿಸಿದಾಗ ಹೆಚ್ಚು ಹೊತ್ತು ಹಿಡಿಯುತ್ತದೆಂದು ತೋರಿಸಿದ. ಅದೇ ವರ್ಷ ಬರ್ಲಿನ್ನಿನಲ್ಲಿದ್ದ ಝೈಗಾರ್ನಿಕ್ ಎಂಬ ಮಹಿಳೆ, ಮುಗಿಸಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸವೇ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆಂದು ಬರೆದಳು. ಇದು ಮುಂದಿನ ಪ್ರಯೋಗಗಳಲ್ಲೆಲ್ಲ ನಿಲ್ಲಲಿಲ್ಲವಂತೆ, ಆದರೆ ಅರ್ಧಕ್ಕೆ ಬಿಟ್ಟದ್ದಕ್ಕೆ ಮತ್ತೆ ಕೈ ಹಾಕಬೇಕೆಂಬ ಸೆಳೆತವಿರುವುದು ದಿಟ. 2009ರಲ್ಲಿ ಸೋಫಿ ಲೆರಾಯ್ ಎಂಬಾಕೆ ಇನ್ನೂ ಹತ್ತಿರಕ್ಕೆ ಬಂದಳು: ಕೆಲಸದಿಂದ ಕೆಲಸಕ್ಕೆ ಹೋದವನ ಗಮನದ ಒಂದು ಅಂಶ ಹಿಂದಿನ ಕೆಲಸದಲ್ಲೇ ಅಂಟಿಕೊಂಡಿರುತ್ತದೆ. ತಳ ಹಿಡಿದ ಪಾತ್ರೆಯಂತೆ ಎಂದು ನಾನು ಅರ್ಥಮಾಡಿಕೊಂಡೆ. ಆ ದಿನಗಳಲ್ಲಿ ಪಾತ್ರೆ ಉಜ್ಜುವವನೂ ನಾನೇ ಆಗಿದ್ದುದರಿಂದ ಬೇರೆ ಉಪಮೆ ಹೊಳೆಯಲಿಲ್ಲ. 2018ರಲ್ಲಿ ಆಕೆಯೂ ಇನ್ನೊಬ್ಬರೂ ಸೇರಿ ಇದಕ್ಕೊಂದು ಉಪಾಯವನ್ನೂ ಪರೀಕ್ಷಿಸಿದರು. ಏಳುವ ಮುನ್ನ ಒಂದು ನಿಮಿಷ, ಎಲ್ಲಿಗೆ ನಿಲ್ಲಿಸಿದೆ, ಬಂದ ಮೇಲೆ ಮೊದಲು ಏನು ಮಾಡಬೇಕು ಎಂದು ಬರೆದಿಟ್ಟು ಏಳುವುದು. ಹಾಗೆ ಮಾಡಿದವರ ಮನಸ್ಸು ಎರಡನೆಯ ಕೆಲಸದಲ್ಲಿ ಚೆನ್ನಾಗಿ ನಿಂತಿತಂತೆ.

ಓದಿದಾಗ ನಗು ಬಂತು, ಕಣ್ಣೂ ತುಂಬಿತು. ಅವ್ವನ ರಾಜಕುಮಾರ ಹೊಳೆಯ ದಂಡೆಯಲ್ಲಿ ನಿಂತಿದ್ದ.

ಈಗ ನಾನು ಮಾಡುವುದು ಹೀಗೆ. ಇದನ್ನು ಯಾರಿಗೂ ವಿಧಿಯಾಗಿ ಹೇಳುತ್ತಿಲ್ಲ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗು
ವುದಿಲ್ಲ. ಮೇಜಿನ ಮೇಲೆ ಹಳೆಯ ಮದುವೆಯ ಕಾಗದಗಳನ್ನು ಕತ್ತರಿಸಿದ ಚೀಟಿಗಳಿವೆ. ಸೀಟಿ ಕೂಗಿದರೆ ಬರೆಯುತ್ತಿದ್ದ ವಾಕ್ಯವನ್ನು ಮುಗಿಸುವುದಿಲ್ಲ. ಮುಗಿಸಿದರೆ ಮುಂದಿನದರ ದಾರಿ ಮುಚ್ಚಿಹೋಗುತ್ತದೆ. ವಾಕ್ಯವನ್ನು ನಡುವೆಯೇ ಬಿಟ್ಟು, ಮುಂದೆ ಬರಬೇಕಾದ ಎರಡು ಪದಗಳನ್ನು ಚೀಟಿಯಲ್ಲಿ ಬರೆದಿಟ್ಟು ಏಳುತ್ತೇನೆ. ಅಡಿಗೆಮನೆಗೆ ಹೋದ ಮೇಲೆ ಅಡಿಗೆಯೇ. ಮೊಬೈಲನ್ನು ಹಿತ್ತಲ ಗೂಡಿನಲ್ಲಿ ಇಟ್ಟಿದ್ದೇನೆ. ಬೇಕಾದವರು ಎರಡು ಸಲ ಕರೆಯುತ್ತಾರೆ. ದಿನಕ್ಕೆ ನಾಲ್ಕು ಗಂಟೆಯ ಹೆಮ್ಮೆ ಹೋಯಿತು. ಬೆಳಿಗ್ಗೆ ಮೂರು ತುಂಡು, ಸಂಜೆ ಎರಡು ತುಂಡು ಹೊತ್ತು ಸಿಕ್ಕುತ್ತದೆ. ಹೆಂಡತಿ ಈಗ ಕೋಲು ಹಿಡಿದು ಓಡಾಡುತ್ತಾಳೆ. ಅಡಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆಂದಳು; ಬೆಳಗಿನ ಪಾಳಿ ನನ್ನದೇ ಇರಲೆಂದು ಹೇಳಿದ್ದೇನೆ. ಅವಳು ಆ ಹೊತ್ತಿನಲ್ಲಿ ಜಗಲಿಯಲ್ಲಿ ಕುಳಿತು, ನಾನು ಬರೆದದ್ದನ್ನು ಓದಿ, ಕಾಗುಣಿತದ ತಪ್ಪುಗಳಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಾಳೆ.

ಪೆಟ್ಟಿಗೆಯ ಟಿಪ್ಪಣಿಗಳಲ್ಲಿ ಮೂರು ಅಧ್ಯಾಯಗಳಾಗಿವೆ. ನಾಲ್ಕನೆಯದು ಹೊನ್ನಮ್ಮನನ್ನು ಕುರಿತದ್ದು. ಈ ಭಾಷಣವನ್ನು ಬರೆಯಲು ಅದನ್ನು ಬಿಟ್ಟು ಎದ್ದಾಗ ಇಟ್ಟ ಚೀಟಿ ಪುಟದ ನಡುವೆ ಹಾಗೆಯೇ ಇದೆ. ಅದರಲ್ಲಿ ಬರೆದಿರುವುದು: "ಸುಣ್ಣ ಹಚ್ಚುವ ಹೊತ್ತು."